ನಲವತ್ತೊಂದನೆಯ ಅಲೆ

ನಮ್ಮ ಮನೆಯ ಅಲೆ ನಲವತ್ತೊಂದನೆಯದು. ತೆಳ್ಳಗೆ, ಹಸಿರಾಗಿ, ಎಡಗಡೆಯಿಂದ ಓರೆಯಾಗಿ ಬರುತ್ತದೆ. ನೆತ್ತಿಯ ಮೇಲೆ ಯಾವಾಗಲೂ ಒಂದಿಷ್ಟು ಪಾಚಿ ಇರುತ್ತದೆ. ನೋಡುವುದಕ್ಕೆ ಅಂಥದ್ದೇನೂ ಇಲ್ಲ. ದರ್ಜಿಯ ಮನೆಯದಕ್ಕೆ ಎರಡು ಜುಟ್ಟು. ಅದು ಬರುವಾಗ ಊರವರೆಲ್ಲ ಎದ್ದು ನಿಂತು ನೋಡುತ್ತಾರೆ. ಪಾದ್ರಿಯ ಅಲೆಯಲ್ಲಿ ಸದ್ದು ಜಾಸ್ತಿ, ನೀರು ಕಮ್ಮಿ. ಯಾರದು ಹೇಗೇ ಇರಲಿ, ನಮ್ಮದು ನಮ್ಮದು. ನನ್ನ ಅಪ್ಪ ಅದರಲ್ಲಿ ನೆನೆದಿದ್ದ, ಅಪ್ಪನ ಅಪ್ಪ ನೆನೆದಿದ್ದ. ನಾನು ಹುಟ್ಟಿ ನಲವತ್ತು ದಿನವಾಗಿದ್ದಾಗ ನನ್ನನ್ನೂ ಅದರಲ್ಲಿ ಅದ್ದಿ ತೆಗೆದರಂತೆ.

ಬೋಳು ಬೆಟ್ಟಗಳು ನಮ್ಮೂರನ್ನು ಬೋಗುಣಿಯಲ್ಲಿಟ್ಟ ಹಾಗೆ ಸುತ್ತುವರಿದಿವೆ. ಹೊರಗೆ ಹೋಗಲು ಎರಡೇ ದಾರಿ. ಒಂದು, ಎರಡು ಬಂಡೆಗಳ ನಡುವಿನ ಬಂದರಿನ ಬಾಯಿ. ಇನ್ನೊಂದು, ಹೇಸರಗತ್ತೆಗಳು ಏದುಸಿರು ಬಿಡುತ್ತ ಹತ್ತುವ ಬೆಟ್ಟದ ಕಣಿವೆ. ಅಂಜೂರ ಮೊದಲು ಹಣ್ಣಾಗುವ ವಾರದಲ್ಲಿ ಒಂದು ದಿನ ಊರಿನ ಎಂಬತ್ತಾರು ಮನೆಗಳ ಅಲೆಗಳು ಒಂದರ ಹಿಂದೆ ಒಂದು ಬರುತ್ತವೆ. ಎಂಟಕ್ಕೆ ಶುರುವಾದರೆ ಹನ್ನೊಂದರ ಹೊತ್ತಿಗೆ ಮುಗಿಯುತ್ತದೆ. ಪೆತ್ರೋನಿಲ್ಲಜ್ಜಿ ಮಗುಚಿಟ್ಟ ದೋಣಿಯ ಮೇಲೆ ನಿಂತು, ಬರುತ್ತಿರುವುದು ಯಾರ ಮನೆಯದು ಎಂದು ದೂರದಿಂದಲೇ ಗುರುತು ಹಿಡಿದು ಕೂಗುತ್ತಾಳೆ. ಆ ಮನೆಯವರು ಇಳಿದು ತೋಯಿಸಿಕೊಂಡು ಮೇಲೆ ಬರುತ್ತಾರೆ. ಅಲ್ಲಿಂದ ಮುಂದಿನ ಅಂಜೂರದವರೆಗೆ ಸಮುದ್ರ ಅವರದು: ಈಜಬಹುದು, ಬಲೆ ಬೀಸಬಹುದು, ಸುಮ್ಮನೆ ಕಾಲು ಇಳಿಬಿಟ್ಟು ಕೂರಬಹುದು.

ಅಲೆ ಇಲ್ಲದವರನ್ನು ಸಮುದ್ರ ಮುಟ್ಟುವುದಿಲ್ಲ. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಮುಟ್ಟುವುದಿಲ್ಲ. ಅವರು ಒಂದು ಹೆಜ್ಜೆ ಮುಂದಿಟ್ಟರೆ ನೀರು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ನಡೆಯುತ್ತಲೇ ಹೋದರೆ ಸುತ್ತಲೂ ನಾಲ್ಕು ಮಾರು ಜಾಗ ಬಿಟ್ಟು ಗೋಡೆಯ ಹಾಗೆ ನಿಲ್ಲುತ್ತದೆ. ಹೊರಗಿನಿಂದ ಬಂದವರು ಮೊದಲ ದಿನ ಹೆದರುತ್ತಾರೆ, ಮಾರನೆಯ ದಿನ ನಗುತ್ತಾರೆ, ಆಮೇಲೆ ಬೇಜಾರಾಗಿ ಗಂಟುಮೂಟೆ ಕಟ್ಟುತ್ತಾರೆ. ಸಮುದ್ರಸ್ನಾನಕ್ಕೆಂದು ಅಷ್ಟು ದೂರ ಬಂದು ಎಷ್ಟು ದಿನ ಅಂತ ಒಣ ಮರಳು ನೋಡುವುದು!

ಇಲಾರಿಯೋ ಮಾತ್ರ ಹೋಗಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಕತ್ತೆ, ಹುಳಿಹಿಟ್ಟಿನ ಒಂದು ಗಡಿಗೆ, ಇಷ್ಟನ್ನೇ ಹಿಡಿದುಕೊಂಡು ಕಣಿವೆ ಇಳಿದು ಬಂದ. ಬ್ರೆಡ್ಡು ಸುಡುವುದು ಅವನ ಕಸುಬು. ನಮ್ಮೂರಿನಲ್ಲಿ ಅದುವರೆಗೆ ಬ್ರೆಡ್ಡು ಎನ್ನುತ್ತಿದ್ದುದನ್ನು ಈಗ ಯಾರೂ ಕೋಳಿಗೂ ಹಾಕುವುದಿಲ್ಲ. ಎರಡನೆಯ ವರ್ಷ ನನ್ನ ತಂಗಿ ಲಿಬೆರಾ ಅವನನ್ನು ಮದುವೆಯಾದಳು. ನಾನು ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಅವಳು ಕೇಳಿರಲೂ ಇಲ್ಲ.

ಮದುವೆಯಾಗಿ ಬಂದವರಿಗೆ ಅಲೆ ಸಿಗುವ ರೀತಿ ಸುಲಭವಾದದ್ದು. ಅಲೆ ಬರುವಾಗ ಮನೆಯ ಹಿರಿಯರು ಅವರ ಬಲಗೈ ಹಿಡಿದು ನಿಲ್ಲಬೇಕು, ಅಷ್ಟೇ. ಒಂದು ಸಲ ಸಾಕು. ನಮ್ಮ ಮನೆಗೆ ಹಿರಿಯ ನಾನು. ನಾನು ಹಿಡಿಯಲಿಲ್ಲ. ಮೊದಲ ವರ್ಷ, ಇನ್ನೂ ಹೊಸಬ, ನಿಲ್ಲುತ್ತಾನೋ ಓಡುತ್ತಾನೋ ನೋಡೋಣ ಎಂದೆ. ಆಮೇಲೆ, ಒಂದು ಮಗುವಾಗಲಿ ಎಂದೆ. ಮಗುವಾಯಿತು. ಆ ವರ್ಷ ನನಗೆ ಬೆನ್ನುನೋವು. ಒಮ್ಮೆ ಅವನು ಮಾತಿನ ಮಧ್ಯೆ ‘ನಿಮ್ಮ ಸಮುದ್ರ’ ಎಂದಿದ್ದನ್ನು ನೆಪ ಮಾಡಿಕೊಂಡೆ. ನಮ್ಮದು ಎನ್ನಲು ಕಲಿಯಲಿ, ಆಮೇಲೆ ನೋಡೋಣ ಎಂದೆ. ನಮ್ಮದು ಎನ್ನಲು ಅವನಿಗೆ ನಾನು ಏನು ಕೊಟ್ಟಿದ್ದೆ ಎಂದು ಯಾರೂ ಕೇಳಲಿಲ್ಲ. ಹೀಗೇ ವರ್ಷಗಳು ಕಳೆದವು, ನೆಪ ಕೇಳುವುದನ್ನೂ ಜನ ಬಿಟ್ಟರು.

ಬಿಟ್ಟದ್ದಕ್ಕೆ ಇನ್ನೊಂದು ಕಾರಣವಿತ್ತು. ನೀರಿಗೆ ಬೇಡವಾದ ಇಲಾರಿಯೋ ಊರಿಗೆ ಬೇಕಾಗಿದ್ದ. ಸಮುದ್ರದ ಪಕ್ಕ ಬದುಕುವವರ ಕೈಯಿಂದ ದಿನಾ ಏನಾದರೂ ನೀರಿಗೆ ಬೀಳುತ್ತಲೇ ಇರುತ್ತದೆ. ಉಂಗುರ, ಬೀಗದ ಕೈ, ಕನ್ನಡಕ, ಲಂಗರು. ದರ್ಜಿ ನಗುವಾಗ ಎರಡು ಸಲ ಅವನ ಹಲ್ಲಿನ ಸೆಟ್ಟೇ ಬಿದ್ದಿತ್ತು. ಆಗೆಲ್ಲ ಇಲಾರಿಯೋನನ್ನು ಕರೆದರೆ ಆಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದು, ಪ್ಯಾಂಟನ್ನೂ ಮಡಿಸದೆ ನೇರ ಸಮುದ್ರದೊಳಕ್ಕೆ ನಡೆಯುತ್ತಿದ್ದ. ನೀರು ಸರಿಯುತ್ತಿತ್ತು. ಬಿದ್ದದ್ದನ್ನು ಎತ್ತಿಕೊಂಡು, ನೀರಿನ ಗೋಡೆಯಿಂದ ಉದುರಿ ಮರಳಿನಲ್ಲಿ ಒದ್ದಾಡುವ ಮರಿಮೀನುಗಳನ್ನು ಒಂದೊಂದಾಗಿ ಹೆಕ್ಕಿ ಒಳಗೆ ಎಸೆದು, ಹಾಗೇ ಒಣ ಬಟ್ಟೆಯಲ್ಲಿ ವಾಪಸು ಬರುತ್ತಿದ್ದ. ಒಬ್ಬರಿಗೂ ಆಗಲ್ಲ ಎಂದವನಲ್ಲ. ಜನ ಮೊದಲು ನನ್ನ ಹತ್ತಿರ ಬಂದು, “ನಿಮ್ಮ ತಂಗಿ ಗಂಡನ್ನ ಒಂಚೂರು ಕಳಿಸ್ತೀರಾ?” ಎನ್ನುತ್ತಿದ್ದರು. ನಾನು ಕಳಿಸುತ್ತಿದ್ದೆ. ಊರಿನಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುವವರು ಅಷ್ಟು ಮಂದಿ ಇದ್ದರೆ ಅದು ನನ್ನ ಮುಖ ನೋಡಿ ಅಲ್ಲ.

ಅವನ ಮಗಳು ನೆರೀನಾಗೆ ಈಗ ಹದಿಮೂರು. ನಡೆಯುವುದಕ್ಕೆ ಮೊದಲು ಈಜಿದವಳು. ನಮ್ಮಲ್ಲಿ ಎಲ್ಲರೂ ಹಾಗೆಯೇ. ಸಣ್ಣವಳಿದ್ದಾಗ ನೀರಿನಲ್ಲಿ ಆಡುತ್ತ “ಅಪ್ಪಾ, ಬಾ” ಎಂದು ಕರೆಯುತ್ತಿದ್ದಳು. ಅವನು ಹತ್ತಿರ ಹೋದರೆ ಸಮುದ್ರ ಹೊರಟುಹೋಗುತ್ತಿತ್ತು, ಮಗು ಮರಳಿನ ಮೇಲೆ ದೊಪ್ಪೆಂದು ಕೂರುತ್ತಿತ್ತು. ಜನ ನಗುತ್ತಿದ್ದರು, ಅವರಿಬ್ಬರೂ ನಗುತ್ತಿದ್ದರು. ಅವಳಿಗೆ ನಾಲ್ಕು ವರ್ಷವಿದ್ದಾಗ ಲೋಳೆಮೀನು ಕಚ್ಚಿ ಕಿರುಚಿಕೊಂಡಳು. ಅವನು ಹಿಂದೆ ಮುಂದೆ ನೋಡದೆ ಓಡಿದ. ಅವಳ ಕೆಳಗಿನ ನೀರು ಒಮ್ಮೆಗೇ ಇಲ್ಲವಾಗಿ, ಮಗು ಬಂಡೆಯ ಮೇಲೆ ಬಿದ್ದು ಗಲ್ಲ ಒಡೆಯಿತು. ಅವತ್ತಿನಿಂದ ಅವಳು ನೀರಿನಲ್ಲಿದ್ದಾಗ ಅವನು ದಡದ ಮೇಲೆ ದೋಣಿಗಳನ್ನಿಡುವ ದೋಣಿಮನೆಯ ಗೋಡೆಗೆ ಬೆನ್ನು ಕೊಟ್ಟು, ಇಪ್ಪತ್ತು ಹೆಜ್ಜೆ ದೂರ ಕೂರುತ್ತಿದ್ದ. ನನಗೆ ಅದು ಕಾಣುತ್ತಿತ್ತು. ಕಾಣಲಿಲ್ಲ ಎಂದು ಸುಳ್ಳು ಹೇಳಲಾರೆ.

ಈ ವರ್ಷ ಅಲೆಗಳು ಬರುವ ಹಿಂದಿನ ಸಂಜೆ ನಾನು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದೆ. ನೆರೀನಾ ಬಂದು ಎದುರಿಗೆ ನಿಂತಳು. ಬಂದವಳು ಕೂರಲಿಲ್ಲ.

“ಮಾವ, ನಾಳೆ ಅಪ್ಪನ ಕೈ ಹಿಡೀತೀಯಾ?”

“ನಾಳೇದು ನಾಳೆ ನೋಡೋಣ.”

“ಪ್ರತಿ ವರ್ಷ ಇದನ್ನೇ ಅಂತೀಯ. ನೀನು ಹಿಡೀದಿದ್ರೆ ನಾನೂ ಇಳಿಯಲ್ಲ.”

“ಇಳೀದೆ ಏನ್ಮಾಡ್ತೀ?”

“ಅಪ್ಪನ ಜತೆ ಗೋಡೆ ಹತ್ರ ಕೂತ್ಕೋತೀನಿ. ಮುಂದಿನ ವರ್ಷಾನೂ ಅಷ್ಟೇ, ಅದರ ಮುಂದಿನ ವರ್ಷಾನೂ ಅಷ್ಟೇ. ನಿನ್ನ ಅಲೇನ ನೀನೇ ಇಟ್ಕೋ.”

ಹುಡುಗಿಯ ಬಾಯಿ ಜೋರು ಎಂದು ಬೈದು ಕಳಿಸಿದೆ. ಆದರೆ ಹೊಲಿಗೆ ಮುಂದೆ ಸಾಗಲಿಲ್ಲ. ನನಗೆ ಮಕ್ಕಳಿಲ್ಲ. ನಾನು, ಲಿಬೆರಾ ಹೋದ ಮೇಲೆ ಆ ಅಲೆಗೆ ಇರುವವಳು ಅವಳೊಬ್ಬಳೇ. ಇಳಿಯುವವರಿಲ್ಲದ ಅಲೆ ಮೂರು ವರ್ಷ ಕಾದು ನೋಡಿ ನಾಲ್ಕನೆಯ ವರ್ಷ ಬರುವುದಿಲ್ಲ. ಮೇಲಿನ ಬೀದಿಯ ಎರಡು ಮನೆಗಳಿಗೆ ಹಾಗಾಗಿದೆ. ಅವರು ಈಗ ಕಣಿವೆಯ ಹತ್ತಿರ ಆಡು ಸಾಕಿಕೊಂಡಿದ್ದಾರೆ, ಬಂದರಿನ ಕಡೆ ಬಂದರೆ ನೀರಿನತ್ತ ತಿರುಗಿಯೂ ನೋಡುವುದಿಲ್ಲ. ನಾನು ಒಳ್ಳೆಯ ಮನಸ್ಸಿನಿಂದ ತೀರ್ಮಾನ ಮಾಡಿದೆ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಹೆದರಿ ಮಾಡಿದೆ.

ಬೆಳಿಗ್ಗೆ ಏಳಕ್ಕೆಲ್ಲ ಮರಳು ತುಂಬಿತ್ತು. ಚಾಪೆ, ಬಣ್ಣಬಣ್ಣದ ದೊಡ್ಡ ಕೊಡೆಗಳು, ಉಪ್ಪಿಗೆ ಹಾಕಿದ ಮೀನಿನ ಡಬ್ಬಿಗಳು, ಟೊಮೆಟೊ, ಒದ್ದೆ ಗೋಣಿಯಲ್ಲಿ ಸುತ್ತಿದ ಕಲ್ಲಂಗಡಿ. ಬೇಗ ಬಂದು ಜಾಗ ಹಿಡಿದವರಿಗೂ ತಡವಾಗಿ ಬಂದು ಜಾಗ ಕೇಳಿದವರಿಗೂ ಎಂದಿನ ಜಗಳ ನಡೆದಿತ್ತು. ಇಲಾರಿಯೋ ಎರಡು ಬುಟ್ಟಿ ಬಿಸಿ ಬ್ರೆಡ್ಡು ತಂದು, ನೆನೆದು ಮೇಲೆ ಬಂದವರಿಗೆ ಒಂದೊಂದು ಕೊಡುತ್ತಿದ್ದ. ಪ್ರತಿ ವರ್ಷ ಅವನು ಅಂದು ಮಾಡುತ್ತಿದ್ದ ಕೆಲಸ ಅದು. ಬೇರೆಯವರ ಮೈಯಿಂದ ತೊಟ್ಟಿಕ್ಕುವ ನೀರು ಅವನ ಕೈಮೇಲೆ ಬಿದ್ದರೆ, ಅದೂ ನಿಲ್ಲದೆ ಜಾರಿಹೋಗುತ್ತಿತ್ತು.

“ನಲವತ್ತೊಂದು!” ಎಂದು ಪೆತ್ರೋನಿಲ್ಲಜ್ಜಿ ಕೂಗಿದಳು.

ನಾನು, ಲಿಬೆರಾ ಇಳಿದೆವು. ನೆರೀನಾ ಚಾಪೆಯ ಮೇಲೆ ಕೈಕಟ್ಟಿ ಕೂತೇ ಇದ್ದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂದರಿನ ಬಾಯಿ ದಾಟಿ ನಮ್ಮ ಹಸಿರು ಅಲೆ ಓರೆಯಾಗಿ ಒಳಗೆ ತಿರುಗಿದ್ದು ಕಂಡಿತು. ಅಲೆಗಳು ಯಾರಿಗೂ ಕಾಯುವುದಿಲ್ಲ. ನಾನು ಹಿಂದಕ್ಕೆ ತಿರುಗಿ, “ಇಲಾರಿಯೋ, ಬಾ ಇಲ್ಲಿ,” ಎಂದೆ.

ಅವನು ಬುಟ್ಟಿ ಕೆಳಗಿಟ್ಟು ಬೇಗ ಬೇಗ ಬಂದ. “ಏನು ಬಿತ್ತು, ಭಾವ?” ಎಂದ.

“ಏನೂ ಬಿದ್ದಿಲ್ಲ. ಕೈ ಕೊಡು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಲಗೈಯನ್ನು ಮುಂದೆ ಕಟ್ಟಿಕೊಂಡಿದ್ದ ಬಟ್ಟೆಗೆ ಒರೆಸಿದ, ಮತ್ತೊಮ್ಮೆ ಒರೆಸಿದ, ಅಂಗೈ ನೋಡಿಕೊಂಡು ಮತ್ತೆ ಒರೆಸಿದ. ನಾನೇ ಎಳೆದು ಹಿಡಿದುಕೊಂಡೆ. ಒಲೆಯ ಬಾಯಿಗೆ ತಗುಲಿ ತಗುಲಿ ಸುಟ್ಟು ಗಟ್ಟಿಯಾದ ಕೈ. ಇಪ್ಪತ್ತೊಂದು ವರ್ಷದಲ್ಲಿ ನಾನು ಅದನ್ನು ಮುಟ್ಟಿರಲಿಲ್ಲ. ಅಷ್ಟರಲ್ಲಿ ನೆರೀನಾ ಮರಳು ಹಾರಿಸುತ್ತ ಓಡಿಬಂದು ಅವನ ಇನ್ನೊಂದು ಕೈಗೆ ಜೋತುಬಿದ್ದಳು. ಅಲೆ ಬಂತು, ನಮ್ಮೆಲ್ಲರ ಎದೆಗೆ ಹೊಡೆದು ದಾಟಿ ಹೋಯಿತು. ಇಲಾರಿಯೋ ಕಣ್ಣು ಮುಚ್ಚಲೇ ಇಲ್ಲ. ಮುಚ್ಚಬೇಕೆಂದು ಅವನಿಗೆ ಗೊತ್ತಿರಲಿಲ್ಲ. ನೀರು ಇಳಿದ ಮೇಲೆ ಅವನ ಅಂಗಿ ಮೈಗೆ ಅಂಟಿಕೊಂಡಿತ್ತು, ರೆಪ್ಪೆಯಿಂದ ತೊಟ್ಟಿಕ್ಕುತ್ತಿತ್ತು. ಕೆಮ್ಮಿದ, ನಕ್ಕ, ಲಿಬೆರಾಳ ಕಡೆ ನೋಡಿದ. ಲಿಬೆರಾ ನನ್ನ ಕಡೆ ನೋಡಲಿಲ್ಲ. ಅಜ್ಜಿ ಆಗಲೇ “ನಲವತ್ತೆರಡು!” ಎಂದು ಕೂಗಿಯಾಗಿತ್ತು.

ಮಧ್ಯಾಹ್ನದ ಬ್ರೆಡ್ಡು ಒಲೆಯಲ್ಲಿದ್ದುದರಿಂದ ಅವನು ಒದ್ದೆ ಬಟ್ಟೆಯಲ್ಲೇ ಅಂಗಡಿಗೆ ಓಡಿದ. ದಾರಿಯುದ್ದಕ್ಕೂ ತನ್ನ ಹೆಜ್ಜೆಯ ಗುರುತುಗಳನ್ನು ತಿರುತಿರುಗಿ ನೋಡುತ್ತ ಹೋದನಂತೆ. “ಮೂರು ಗಂಟೆಗೆ ಬಾ ಅಪ್ಪ, ನಾನು ಕರ್ಕೊಂಡ್ ಹೋಗ್ತೀನಿ,” ಎಂದು ನೆರೀನಾ ಹೇಳಿದ್ದಳು. ಬಂಡೆಯ ಕಡೆ ಗೆಳತಿಯರ ಜತೆ ನೀರಿಗೆ ಹಾರಿ ಹಾರಿ ಬೀಳುತ್ತ ಅವಳು ಮೂರು ಗಂಟೆಗೆ ಕಾಯುತ್ತಿದ್ದಳು.

ಅವನು ಎರಡೂವರೆಗೇ ಬಂದ. ಅಂಗಿ ಬದಲಿಸಿ, ತಲೆ ಬಾಚಿ, ಪ್ಯಾಂಟನ್ನು ಮೊಣಕಾಲಿನವರೆಗೆ ನೀಟಾಗಿ ಮಡಿಸಿಕೊಂಡಿದ್ದ. ದೋಣಿಮನೆಯ ಗೋಡೆಯ ಹತ್ತಿರ ತನ್ನ ಜಾಗದಲ್ಲೇ ಹೋಗಿ ಕೂತ. ನಾನು ದಡದಿಂದ ಹತ್ತು ಮಾರು ಆಚೆ ಲಂಗರು ಹಾಕಿದ್ದ ನನ್ನ ದೋಣಿಯಲ್ಲಿ, ಕಾಲು ನೀಡಿ ಕಲ್ಲಂಗಡಿ ಕೊಯ್ಯುತ್ತಿದ್ದೆ. ಸೆಕೆಗೆ ಊರೇ ತೂಕಡಿಸುತ್ತಿತ್ತು. ರಸದಿಂದ ಕೈ ಜಾರಿ ಚಾಕು ನೀರಿಗೆ ಬಿತ್ತು. ಮರದ ಹಿಡಿಯ ಮಾಮೂಲಿ ಚಾಕು. ಹಾರಿ ತೆಗೆಯುವುದು ನನಗೆ ಏನೂ ಕಷ್ಟವಿರಲಿಲ್ಲ.

“ಇಲಾರಿಯೋ, ಒಂಚೂರು ಬಾರಯ್ಯಾ!” ಎಂದು ಕೂಗಿದೆ.

ಅವನು ಎದ್ದು ಬಂದ. ನೀರಿನ ಅಂಚಿಗೆ ಬಂದು ಕಾಲಿಟ್ಟ. ನೀರು ಸರಿಯಲಿಲ್ಲ, ಪಾದ ಮುಳುಗಿತು. ಅವನು ನಿಂತು ಅದನ್ನೇ ನೋಡಿದ. ಚಾಪೆಗಳ ಮೇಲಿದ್ದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ನೋಡನೋಡುತ್ತ ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಅವನು ನಾಚಿಕೊಂಡು ನಕ್ಕು ಮುಂದೆ ನಡೆದ. ಮೊಣಕಾಲು, ಸೊಂಟ, ಎದೆ.

“ಇಲ್ಲೇ, ದೋಣಿ ಮೂತಿ ಕೆಳಗೇ ಬಿದ್ದಿದೆ, ಚಾಕು,” ಎಂದು ಬೆರಳು ತೋರಿಸಿದೆ.

ಅವನು ಲಂಗರಿನ ಹಗ್ಗ ಹಿಡಿದುಕೊಂಡು, ತಲೆಯಾಡಿಸಿ, ಇನ್ನೂ ಒಂದು ಹೆಜ್ಜೆ ಇಟ್ಟ. ಅಲ್ಲಿಂದ ಮುಂದೆ ನೆಲ ಒಮ್ಮೆಗೇ ಇಳಿಯುತ್ತದೆ. ಅವನ ಬಾಚಿದ ತಲೆ ನೀರಿನ ಕೆಳಗೆ ಹೋಯಿತು.

ನಾವು ಕಾದೆವು. ನಮ್ಮೂರಿನಲ್ಲಿ ಕೆಳಗೆ ಹೋದವರೆಲ್ಲ ಮೇಲೆ ಬರುತ್ತಾರೆ. ದರ್ಜಿ, “ರುಚಿ ಹತ್ತಿತು ಕಣ್ರೋ ಅವನಿಗೆ,” ಎಂದ, ನಾಲ್ಕು ಜನ ನಕ್ಕರು. ನಾನು ಕೊಯ್ದಿದ್ದ ಒಂದು ಹೋಳು ತಿಂದು ಮುಗಿಸಿದೆ. ಬೀಜ ಉಗಿದೆ. ಇನ್ನೊಂದು ಹೋಳು ಎತ್ತಿಕೊಂಡೆ.

ಬಂಡೆಯ ಕಡೆಯಿಂದ ನೆರೀನಾ ಮರಳಿನ ಮೇಲೆ ನಡೆದು ಬಂದು ಗೋಡೆಯ ಹತ್ತಿರ ನೋಡಿದಳು.

“ಮಾವ, ಅಪ್ಪ ಎಲ್ಲಿ?”

“ನೀರೊಳಗಿದಾನೆ.”

“ನೀರೊಳಗೆ ಅಂದ್ರೆ?” ಎಂದವಳು, ಒಮ್ಮೆಗೇ ಚೀರಿದಳು. “ಮಾವ, ಅಪ್ಪಂಗೆ ಈಜು ಬರಲ್ಲ!”

ಆ ಮಾತು ನಮ್ಮೂರಿನಲ್ಲಿ ಯಾರೂ ಯಾರ ಬಗ್ಗೆಯೂ ಹೇಳಿದ್ದಿಲ್ಲ. ಅದರ ಅರ್ಥ ತಲೆಗೆ ಹೋಗುವಷ್ಟು ಹೊತ್ತು ನಾನು ಕಲ್ಲಂಗಡಿ ಹಿಡಿದು ಕೂತೇ ಇದ್ದೆ. ಆಮೇಲೆ ಹಾರಿದೆ.

ಅವನು ತಳದಲ್ಲಿದ್ದ. ಒಂದು ಕೈಯಲ್ಲಿ ಲಂಗರಿನ ಹಗ್ಗ ಹಿಡಿದು, ಮಂಡಿಯೂರಿ, ಇನ್ನೊಂದು ಕೈಯಲ್ಲಿ ಮರಳು ತಡಕುತ್ತಿದ್ದ. ಆ ಕೈಯ ಚಲನೆ ಬಹಳ ನಿಧಾನವಾಗಿತ್ತು. ಕಣ್ಣು ತೆರೆದೇ ಇತ್ತು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಇನ್ನೇನು ನೀರು ಸರಿಯುತ್ತದೆ, ಸ್ವಲ್ಪ ತಡವಾಗಿದೆ ಅಷ್ಟೇ ಎಂದು ಕಾಯುವವನ ತಾಳ್ಮೆ ಇತ್ತು. ನಾನು ತೋಳು ಹಿಡಿದು ಎಳೆದೆ. ಅವನು ಹಗ್ಗ ಬಿಡಲಿಲ್ಲ. ಮರಳಿನಿಂದ ಕೈ ಎತ್ತಿ ಚಾಕುವನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿದ. ಅಲ್ಲಿಗೆ ಅವನ ಕಣ್ಣು ಮೇಲಾಯಿತು. ಹಗ್ಗದಿಂದ ಅವನ ಬೆರಳು ಬಿಡಿಸಿದ್ದು ನಾನೋ, ನನ್ನ ಹಿಂದೆಯೇ ಬಂದ ನೆರೀನಾಳೋ, ನೆನಪಿಲ್ಲ. ಇಬ್ಬರೂ ಸೇರಿ ಮೇಲಕ್ಕೆ ತಂದೆವು.

ಮರಳಿನ ಮೇಲೆ ಬೋರಲು ಹಾಕಿ ಬೆನ್ನು ಒತ್ತಿದೆ. ನೀರು ಬಂತು, ಉಸಿರು ಬರಲಿಲ್ಲ. ನಮ್ಮಲ್ಲಿ ಯಾರೂ ಇಂಥ ಕೆಲಸ ಮಾಡಿದವರಲ್ಲ. ಒಬ್ಬ ಕಾಲು ಎತ್ತು ಎಂದ, ಇನ್ನೊಬ್ಬ ತಲೆ ಎತ್ತು ಎಂದ, ಚಪ್ಪಾಳೆ ತಟ್ಟಿದವರೆಲ್ಲ ಸುತ್ತ ನಿಂತು ನೆರಳು ಮಾಡಿದರು. ಲಿಬೆರಾ ಜನರನ್ನು ತಳ್ಳಿಕೊಂಡು ಬಂದು ಮಂಡಿಯೂರಿದಳು.

“ಅಣ್ಣ, ಕೈ ತೆಗಿ,” ಎಂದಳು.

“ಒತ್ತಬೇಕು ಕಣೇ, ಇನ್ನೂ ನೀರು…”

“ನಿನ್ನ ಕೈ ತೆಗಿ ಅಂದೆ.”

ತೆಗೆದೆ. ಅವಳು ಗಂಡನನ್ನು ಪಕ್ಕಕ್ಕೆ ಹೊರಳಿಸಿ, ಅಂಗಡಿಯಲ್ಲಿ ದಿನಾ ಹಿಟ್ಟು ನಾದುವ ಆ ತೋಳುಗಳಿಂದ ಬೆನ್ನಿಗೆ ಗುದ್ದಿದಳು. ನಾಲ್ಕನೆಯ ಗುದ್ದಿಗೆ ಅವನು ದೊಡ್ಡದಾಗಿ ಕೆಮ್ಮಿ ಉಸಿರೆಳೆದುಕೊಂಡ. ನೆರೀನಾ ಅವನ ಕಾಲು ತಬ್ಬಿಕೊಂಡು ಅಳತೊಡಗಿದಳು. ಚಾಕು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಅದನ್ನು ಬಿಡಿಸಲು ನನಗೆ ಧೈರ್ಯವಾಗಲಿಲ್ಲ.

ನನಗೆ ಬಂದದ್ದು ಸಿಟ್ಟು. ಹೆದರಿದಾಗ ನನಗೆ ಬರುವುದು ಅದೊಂದೇ. “ಎದೆವರೆಗೂ ನೀರು ಬಂತಲ್ಲೋ! ಗೊತ್ತಾಗಲಿಲ್ವಾ? ಅಲ್ಲೇ ನಿಂತ್ಕೊಳೋದಲ್ವಾ? ಯಾಕೋ ಮುಂದೆ ಬಂದೆ?” ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆ.

ಅವನು ಮಾತಾಡಲು ಎರಡು ಸಲ ಪ್ರಯತ್ನ ಮಾಡಿದ. ಮೂರನೆಯ ಸಲ ದನಿ ಬಂತು.

“ನೀವು ಕರೆದ್ರಲ್ಲ, ಭಾವ,” ಎಂದ.

ಚುಚ್ಚಬೇಕೆಂದು ಅಂದದ್ದಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ, ಅಷ್ಟೇ. ನಾನು ಅಲ್ಲೇ ಮರಳಿನ ಮೇಲೆ ಕೂತು ಅತ್ತೆ. ಅಪ್ಪ ಸತ್ತಾಗಲೂ ಜನರ ಮುಂದೆ ಅತ್ತವನಲ್ಲ. ಒಂದು ಅಲೆಯನ್ನು ಉಳಿಸಿಕೊಳ್ಳಲು ಬೆಳಿಗ್ಗೆ ಅವನ ಕೈ ಹಿಡಿದಿದ್ದೆ, ಒಂದು ಚಾಕುವಿಗೆ ಮಧ್ಯಾಹ್ನ ಅವನನ್ನು ನೀರಿಗೆ ಕಳಿಸಿದ್ದೆ. ಇವೆರಡರ ನಡುವೆ ಅವನೂ ಒಬ್ಬ ಮನುಷ್ಯ ಎಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಪೆತ್ರೋನಿಲ್ಲಜ್ಜಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೋದಳು. ಜನ ಒಬ್ಬೊಬ್ಬರಾಗಿ ತಮ್ಮ ಚಾಪೆಗಳಿಗೆ ಹಿಂತಿರುಗಿದರು.

ನಾಲ್ಕೂವರೆಗೆ ಪಶ್ಚಿಮದ ಬೆಟ್ಟದ ನೆರಳು ಮರಳಿನ ಮೇಲೆ ಇಳಿಯುತ್ತದೆ. ಆಮೇಲೆ ನಮ್ಮಲ್ಲಿ ಯಾರೂ ಕಡಲ ತೀರದಲ್ಲಿ ಉಳಿಯುವುದಿಲ್ಲ. ಕೊಡೆಗಳು ಮಡಿಸಿಕೊಂಡವು, ಖಾಲಿ ಬುಟ್ಟಿಗಳು ಮನೆಯ ದಾರಿ ಹಿಡಿದವು. ಇಲಾರಿಯೋ ಎದ್ದು ಕೂತು, ಲಿಬೆರಾ ಕೊಟ್ಟ ಬಿಸಿ ಹಾಲು ಕುಡಿದ. ಮನೆಗೆ ಹೋಗೋಣ ಎಂದರೆ ಅವನು ಒಪ್ಪಲಿಲ್ಲ. ಮಗಳ ಕಡೆ ತಿರುಗಿ, “ಮೂರು ಗಂಟೆ ಅಂದಿದ್ದೆ ನೀನು,” ಎಂದ.

ಅವಳು ಬೇಡ ಎಂದಳು, ಇವತ್ತು ಬೇಡ ಅಪ್ಪ ಎಂದಳು. ಅವನು ಆಗಲೇ ಎದ್ದಿದ್ದ.

ಲಿಬೆರಾ ಅವನ ಒಂದು ತೋಳು ಹಿಡಿದಳು, ನೆರೀನಾ ಇನ್ನೊಂದು. ಮೊಣಕಾಲು ಮುಳುಗುವಷ್ಟು ನೀರಿಗೆ ಹೋಗಿ ಅವನನ್ನು ಮೆಲ್ಲಗೆ ಮಲಗಿಸಿದರು. ನೆರೀನಾ ಅವನ ಬೆನ್ನಿನ ಕೆಳಗೆ ಎರಡೂ ಅಂಗೈ ಕೊಟ್ಟು, “ಬಿಗಿ ಹಿಡೀಬೇಡ, ಹೊಟ್ಟೆ ಸಡಿಲ ಬಿಡು, ನಾನಿದೀನಿ,” ಎನ್ನುತ್ತಿದ್ದಳು. ಹುಟ್ಟಿದಂದಿನಿಂದ ಅವಳು ನೀರಿನಲ್ಲಿದ್ದಾಗ ಅವನು ಇವತ್ತಿಗೆ ಮೊದಲು ಇಷ್ಟು ಹತ್ತಿರ ಬಂದದ್ದಿರಲಿಲ್ಲ. ಅವನ ಕಾಲು ಮತ್ತೆ ಮತ್ತೆ ಮುಳುಗುತ್ತಿತ್ತು. “ಇನ್ನೊಬ್ಬರು ಇದ್ದಿದ್ರೆ ಕಾಲು ಹಿಡ್ಕೋಬಹುದಿತ್ತು,” ಎಂದು ಲಿಬೆರಾ ಮಗಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ನಾನು ನೀರಿನ ಅಂಚಿಗೆ ಬಂದು, ಪ್ಯಾಂಟು ಮಡಿಸಿಕೊಂಡು ನಿಂತೆ. ಅವರಿಂದ ಎಂಟು ಹೆಜ್ಜೆ ದೂರವೂ ಇರಲಿಲ್ಲ. ಬೆಟ್ಟದ ನೆರಳು ನನ್ನನ್ನು ದಾಟಿ ಅವರ ಮೇಲೆ ಹೋಯಿತು, ಅವರನ್ನೂ ದಾಟಿ ದೋಣಿಯವರೆಗೆ ಹೋಯಿತು. ಕರೆದಿದ್ದರೆ ಹೋಗುತ್ತಿದ್ದೆ. ಯಾರೂ ಕರೆಯಲಿಲ್ಲ.